ಇಳಿಯಬೇಡಿ

ಸೈಕಲ್ ಸಂಘದವರು ಅವಳನ್ನು ಇಂಜಿನ್ ಅಕ್ಕ ಎಂದು ಕರೆಯುತ್ತಿದ್ದುದು ಅವಳ ವೇಗ ನೋಡಿ ಅಲ್ಲ. ವೇಗದ ಮಾತು ಬಂದರೆ ಎಲ್ಲರಿಗಿಂತ ಮೊದಲು ಅವಳೇ ನಗುತ್ತಿದ್ದಳು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಸೈಕಲ್ ಕಲಿತವಳು. ಕಲಿತು ನಾಲ್ಕು ವರ್ಷವಾದರೂ, ಪಕ್ಕದಲ್ಲಿ ನಡೆದು ಹೋಗುವವರು ಅವಳ ಜೊತೆ ಅರ್ಧ ಊರಿನ ಸುದ್ದಿ ಮಾತಾಡಿ ಮುಗಿಸಬಹುದು, ಅಷ್ಟು ನಿಧಾನ. ಆದರೆ ಆ ಸಂಘಕ್ಕೊಂದು ಕಟ್ಟಳೆಯಿತ್ತು. ಗುಂಪಾಗಿ ಹೊರಟಾಗ ಎಲ್ಲರಿಗಿಂತ ನಿಧಾನವಾಗಿ ತುಳಿಯುವವರೇ ಮುಂದಿರಬೇಕು, ಅವರನ್ನು ಯಾರೂ ಹಿಂದಿಕ್ಕಬಾರದು, ಅವರು ಇಳಿದರೆ ಎಲ್ಲರೂ ಇಳಿಯಬೇಕು. ಈ ಕಟ್ಟಳೆ ಮಾಡಿದವನು ಸಂಘ ಕಟ್ಟಿದ ಸೈಕಲ್ ರಿಪೇರಿಯವನು, ಊರಿಗೆಲ್ಲ ಪಂಕ್ಚರ್ ಮಾವ. “ನಿಧಾನದೋರನ್ನ ಹಿಂದೆ ಬಿಟ್ರೆ ವಾರದೊಳಗೆ ಅವರು ಬರೋದೇ ನಿಲ್ಲಿಸ್ತಾರೆ. ಆಮೇಲೆ ಉಳಿಯೋದು ಆರು ಜನ ಪೈಲ್ವಾನರು, ಅಷ್ಟೇ” ಎನ್ನುತ್ತಿದ್ದ. ಹಾಗಾಗಿ ಮುಂದಿನ ಜಾಗ ಅವಳದೇ. ಅದನ್ನು ಕಸಿದುಕೊಳ್ಳುವಷ್ಟು ನಿಧಾನದವರು ಸಂಘಕ್ಕೆ ಇನ್ನೂ ಸೇರಿರಲಿಲ್ಲ.

ಅವಳು ದರ್ಜಿ. ನದಿಯಾಚೆಯ ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ. ಆಪರೇಷನ್ ಗೌನುಗಳ ಕಟ್ಟುದಾರ ಕಿತ್ತುಹೋದರೆ, ಹಾಸಿಗೆಯ ಚಾದರ ನಡುವೆ ಸವೆದು ಜಾಲರಿಯಾದರೆ ಅದು ಅವಳ ಮೇಜಿಗೆ ಬರುತ್ತಿತ್ತು. ಸವೆದ ಚಾದರವನ್ನು ಉದ್ದಕ್ಕೆ ಸೀಳಿ, ಗಟ್ಟಿಯಾದ ಅಂಚುಗಳನ್ನು ನಡುವಿಗೆ ತಂದು ಕೂಡಿಸಿ ಹೊಲಿದು ಅದಕ್ಕೆ ಮತ್ತೆರಡು ವರ್ಷ ಆಯಸ್ಸು ಕೊಡುವುದರಲ್ಲಿ ಅವಳದು ಎತ್ತಿದ ಕೈ. ಬೆಳಿಗ್ಗೆ ಏಳಕ್ಕೆ ಹಾಜರಿ. ಮೊದಲ ಬಸ್ಸು ಸೇತುವೆ ದಾಟುವುದೇ ಎಂಟಕ್ಕೆ. ಸೈಕಲ್ ಇದ್ದುದರಿಂದ ಅವಳಿಗೆ ಆ ಕೆಲಸ ಸಿಕ್ಕಿತ್ತು. ಸೇತುವೆಯ ಅಂಚಿನಲ್ಲಿ, ಲಾರಿಗಳು ನುಗ್ಗದಂತೆ ಮೊಣಕಾಲೆತ್ತರದ ಕಟ್ಟೆ ಕಟ್ಟಿ, ಸೈಕಲ್ಲಿಗೆಂದೇ ಬಿಟ್ಟ ಓಣಿ ಇದ್ದುದರಿಂದ ಅವಳು ಸೈಕಲ್ ಹತ್ತುವ ಧೈರ್ಯ ಮಾಡಿದ್ದಳು.

ಅದಕ್ಕೂ ಮೊದಲು ಅವಳು ಹೊಲಿಯುತ್ತಿದ್ದುದು ಮೈದುನನ ಅಂಗಡಿಗೆ. ಗಂಡ ತೀರಿಕೊಂಡ ಮೇಲೆ ಮೈದುನನ ಮನೆಯ ಮಹಡಿಯ ಎರಡು ಕೋಣೆಯಲ್ಲಿ ಅವಳ ಸಂಸಾರ. ಮೈದುನನದು ಸೇತುವೆಯ ತುದಿಯಲ್ಲೇ ಸೋಫಾ, ಪರದೆ ಮಾರುವ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ, ಕಿಟಕಿಯೂ ಇಲ್ಲದ ಜಾಗದಲ್ಲಿ ಕೂತು ಒಂಬತ್ತು ವರ್ಷ ಅವಳು ಕಂಡವರ ಕಿಟಕಿಗಳಿಗೆ ಪರದೆ ಹೊಲಿದಳು. ಮೈದುನ ಕೆಟ್ಟವನಲ್ಲ. ಹಾಗೆಂದು ಅವನನ್ನು ಸಹಿಸುವುದು ಸುಲಭವೂ ಅಲ್ಲ. ಎಲ್ಲರಿಗೂ ಯಾವುದು ಒಳ್ಳೆಯದೆಂದು ಅವರಿಗಿಂತ ಮೊದಲೇ ತಿಳಿದುಬಿಡುವ ಜಾತಿ ಅವನದು, ಮೇಲಾಗಿ ಎರಡು ವರ್ಷದಿಂದ ನಗರಸಭೆಯ ಸದಸ್ಯ ಬೇರೆ.

ಒಂದು ಸಂಜೆ ಅವನು ಮೆಟ್ಟಿಲ ಬಳಿ ಅವಳನ್ನು ತಡೆದು ನಿಲ್ಲಿಸಿ, ಸಿಹಿ ಸುದ್ದಿ ಹೇಳುವವನಂತೆ ಹೇಳಿದ.

“ಅತ್ತಿಗೆ, ಸೇತುವೆ ಮೇಲಿನ ಸೈಕಲ್ ಓಣಿ ತೆಗೀತಾರೆ. ಶುಕ್ರವಾರ ಮತಕ್ಕೆ ಹಾಕ್ತೀವಿ. ಗಾಡಿ ನಿಲ್ಲಿಸೋಕೆ ಜಾಗ ಆಗುತ್ತೆ, ವ್ಯಾಪಾರದೋರಿಗೂ ಅನುಕೂಲ.”

“ಮತ್ತೆ ನಾನು ಕೆಲಸಕ್ಕೆ ಹೇಗೆ ಹೋಗ್ಲೋ? ಲಾರಿ ಚಕ್ರದ ಕೆಳಗೆ ನುಸುಳಿಕೊಂಡು ಹೋಗ್ಲಾ?”

“ಅದಕ್ಕೇ ಹೇಳ್ತಿರೋದು, ಈ ವಯಸ್ಸಲ್ಲಿ ಯಾಕೆ ಆ ಒದ್ದಾಟ? ಅಂಗಡೀಲಿ ನಿಮ್ಮ ಜಾಗ ಹಾಗೇ ಇದೆ. ಮಷೀನೂ ಹಾಗೇ ಇದೆ.”

ಅವಳಿಗೆ ಮೈ ಉರಿದುಹೋಯಿತು. ಮಷೀನು ಹಾಗೇ ಇದೆಯಂತೆ! ಆದರೆ ಮುಂದಿನ ಮಾತು ಕೇಳಿದಾಗ ಉರಿ ಹೋಗಿ ಗೊಂದಲವಾಯಿತು. ನಗರಸಭೆಯ ನಿಯಮದ ಪ್ರಕಾರ ದಿನಕ್ಕೆ ಇನ್ನೂರು ಸೈಕಲ್ಲಾದರೂ ಓಡಾಡಿದರೆ ಓಣಿಯನ್ನು ಮುಟ್ಟುವಂತಿಲ್ಲ. ಹೋದ ವಾರ ಯಂತ್ರವಿಟ್ಟು ಎಣಿಸಿದ್ದರು. ಬೆಳಗಿನ ಆರರಿಂದ ಸಂಜೆ ಆರರವರೆಗೆ ದಿನಕ್ಕೆ ಸರಾಸರಿ ನಲವತ್ತೊಂದು.

“ನಲವತ್ತೊಂದು? ನಮ್ಮ ಸಂಘದಲ್ಲೇ ಅರವತ್ತು ಜನ ಇದ್ದೀವಲ್ಲೋ! ನಾವೇನು ಹಾರಿಕೊಂಡು ಹೋಗ್ತೀವಾ?”

“ಯಂತ್ರ ಸುಳ್ಳು ಹೇಳುತ್ತಾ ಅತ್ತಿಗೆ?” ಎಂದು ಅವನು ಕೈ ಚೆಲ್ಲಿದ.

ಮರುದಿನ ಬೆಳಿಗ್ಗೆ ಸೇತುವೆ ಹತ್ತುವಾಗ ಅವಳು ಓಣಿಯ ನೆಲವನ್ನೇ ನೋಡುತ್ತ ಹೋದಳು. ಹೋದ ವಾರ ಅಲ್ಲೊಂದು ಕಪ್ಪು ರಬ್ಬರ್ ಕೊಳವೆ ಅಡ್ಡಲಾಗಿ ಬಿದ್ದಿದ್ದು, ಕಂಬಿಗೆ ಬೂದು ಬಣ್ಣದ ಡಬ್ಬಿಯೊಂದನ್ನು ಸರಪಳಿ ಹಾಕಿ ಕಟ್ಟಿದ್ದು ನೆನಪಿತ್ತು. ಕರೆಂಟಿನದೋ ನೀರಿನದೋ ಇರಬೇಕೆಂದು ಎಲ್ಲರೂ ಅಂದುಕೊಂಡಿದ್ದರು. ಈಗ ಕೊಳವೆ ಇರಲಿಲ್ಲ. ಅದನ್ನು ಬಡಿದಿದ್ದ ಮೊಳೆಗಳ ತೂತು ಮಾತ್ರ ಉಳಿದಿತ್ತು. ತೂತುಗಳು ಇದ್ದದ್ದು ಸೇತುವೆಯ ನಡುವೆ ಅಡ್ಡ ಹಾಯುವ ಕಬ್ಬಿಣದ ಪಟ್ಟಿಯ ಪಕ್ಕದಲ್ಲಿ, ಪಟ್ಟಿಯಿಂದ ಎರಡೇ ಗೇಣು ಮುಂದೆ. ಅವಳು ಎಂದಿನಂತೆ ಪಟ್ಟಿಯ ಈಚೆ ಇಳಿದಳು, ಎಂದಿನಂತೆ ಸೈಕಲ್ಲನ್ನು ಎತ್ತಿದಳು, ಎಂದಿನಂತೆ ಉದ್ದ ಹೆಜ್ಜೆ ಹಾಕಿ ಆಚೆ ಇಟ್ಟಳು. ಹಿಂದಿರುಗಿ ನೋಡಿದರೆ ಮೊಳೆಯ ತೂತು ಅವಳ ಹಿಂದಿತ್ತು. ಎಣಿಸುವ ಯಂತ್ರ ಅದೇ ಆಗಿದ್ದರೆ, ಹೋದ ವಾರವೆಲ್ಲ ಅವಳ ಚಕ್ರ ಅದನ್ನು ಮುಟ್ಟೇ ಇರಲಿಲ್ಲ.

ಅವಳ ಹಿಂದೆ ಬರುತ್ತಿದ್ದ ಹಾಲಿನವನು ಇಳಿದ, ಎತ್ತಿದ, ದಾಟಿದ. ಅವನ ಹಿಂದಿದ್ದ ಶಾಲೆಯ ಮೇಷ್ಟ್ರು ಇಳಿದರು, ಎತ್ತಿದರು, ದಾಟಿದರು. ರಾತ್ರಿ ಪಾಳಿ ಮುಗಿಸಿ ಎದುರಿನಿಂದ ಬರುತ್ತಿದ್ದ, ಸಂಘದ ಕಾರ್ಯದರ್ಶಿಯೂ ಆದ ನರ್ಸು ತೂಕಡಿಸುತ್ತಲೇ ಇಳಿದು, ತೂಕಡಿಸುತ್ತಲೇ ಎತ್ತಿ ದಾಟಿದಳು. ನೆಲದ ಮೇಲೆ ಹಳದಿ ಬಣ್ಣದಲ್ಲಿ ಮೊಳದುದ್ದದ ಅಕ್ಷರಗಳಿದ್ದವು: ಇಳಿಯಿರಿ, ಎತ್ತಿ ದಾಟಿ.

ಆ ಅಕ್ಷರಗಳು ಅವಳವೇ. ಮೂರು ವರ್ಷದ ಹಿಂದೆ, ಇಬ್ಬನಿಯಲ್ಲಿ ನೆನೆದಿದ್ದ ಈ ಪಟ್ಟಿಯ ಮೇಲೆ ಹೆದರಿ ಬ್ರೇಕ್ ಹಿಡಿದು ಅವಳು ಜಾರಿ ಬಿದ್ದಿದ್ದಳು. ಮಣಿಕಟ್ಟು ಮುರಿದು ಎರಡು ತಿಂಗಳು ಸೂಜಿ ಹಿಡಿಯಲಾಗಲಿಲ್ಲ. ಪಟ್ಟಿಯನ್ನು ಮುಚ್ಚಿಸಿ ಎಂದು ಸಂಘ ಕೊಟ್ಟ ಮೂರು ಅರ್ಜಿಗೂ ನಗರಸಭೆ ಸೊಪ್ಪು ಹಾಕಲಿಲ್ಲ. ಕೊನೆಗೆ ಅವಳೇ ಅಂಗಿ ಕತ್ತರಿಸುವಾಗ ಅಳತೆಗೆ ಇಡುವ ದಪ್ಪ ರಟ್ಟಿನಲ್ಲಿ ಅಕ್ಷರ ಕೊರೆದಳು. ಪಂಕ್ಚರ್ ಮಾವ ಬಣ್ಣ ಬಳಿದ. ಸಂಘದವರು ಪಾಳಿ ಹಾಕಿಕೊಂಡು ಎರಡು ತಿಂಗಳು ಬೆಳಗು ಸಂಜೆ ಅಲ್ಲಿ ನಿಂತು, ಬಂದವರಿಗೆಲ್ಲ ಕೈಮುಗಿದು, ಗದರಿಸಿ, ಪುಸಲಾಯಿಸಿ ಇಳಿದು ಎತ್ತಿ ದಾಟುವುದನ್ನು ಕಲಿಸಿದ್ದರು. ಊರೇ ಕಲಿತುಬಿಟ್ಟಿತ್ತು. ಹೋದ ವಾರ ರಬ್ಬರ್ ಕೊಳವೆ ಕಂಡಾಗಲಂತೂ ಪಾಪ, ಏನೋ ಸರ್ಕಾರಿ ವಸ್ತು, ತುಳಿಯಬಾರದು ಎಂದು ಎಲ್ಲರೂ ಇನ್ನೊಂದು ಗೇಣು ಹೆಚ್ಚೇ ಎತ್ತಿದ್ದರು.

“ನಮ್ಮ ಶಿಸ್ತು ನೋಡು, ಒಬ್ಬರೂ ಅದರ ಮೇಲೆ ಚಕ್ರ ಇಡಲಿಲ್ಲ ಅಂತ ಬೀಗ್ತಿದ್ದೆ ನಾನು” ಎಂದು ಪಂಕ್ಚರ್ ಮಾವ ಅಂದು ಸಂಜೆ ಅವಳ ಮಾತು ಕೇಳಿ ತಲೆಯ ಮೇಲೆ ಕೈ ಹೊತ್ತು ಕೂತ. “ಹಾಗಾದ್ರೆ ಆ ನಲವತ್ತೊಂದು ಯಾರು?”

“ನಮ್ಮ ಮಾತು ಕೇಳದ ಪೋಕರಿಗಳು” ಎಂದಳು ನರ್ಸು. “ಅವರಿಗೆ ಹೂವಿನ ಹಾರ ಹಾಕ್ಬೇಕು ಈಗ.”

ಬುಧವಾರದ ಸಂಜೆ ನಗರಸಭೆಯಲ್ಲಿ ಸಾರ್ವಜನಿಕರ ಅಹವಾಲು. ಮೇಲಿನ ಮಹಡಿಯ ಉದ್ದನೆಯ ಕೋಣೆ, ಸದ್ದು ಮಾಡುವ ಫ್ಯಾನು, ಕೈ ಮುರಿದ ಕುರ್ಚಿಗಳು. ಅವಳಿಗೆ ಸಭೆಯಲ್ಲಿ ಮಾತಾಡಿ ಗೊತ್ತಿಲ್ಲ. ಆದರೂ ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಪ್ಪು ನಮ್ಮದೇ, ನಾವೇ ಕಲಿಸಿದ್ದು, ಎಲ್ಲರೂ ಎತ್ತಿಕೊಂಡು ದಾಟಿದ್ದರಿಂದ ಯಂತ್ರಕ್ಕೆ ತಿಳಿದಿಲ್ಲ ಎಂದಳು. ಕೋಣೆಯಲ್ಲಿ ನಗೆಯೆದ್ದಿತು. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಅಂದ್ರೆ ನೂರಾರು ಜನ ಸೈಕಲ್ ಹೊತ್ಕೊಂಡು ಓಡಾಡ್ತಾರೆ ಅಂತೀರಿ? ಯಾರ ಕಿವಿ ಮೇಲೆ ಹೂವಿಡ್ತಿದ್ದೀರಮ್ಮಾ?”

ನಗು ಅವಳಿಗೆ ಚುರುಕ್ಕೆಂದಿತು. ಮೈದುನ ಕಣ್ಣಲ್ಲೇ ‘ಕೂತ್ಕೊಳ್ಳಿ’ ಎಂದು ಸನ್ನೆ ಮಾಡಿದ. ಅವನು ಹಾಗೆ ಮಾಡದಿದ್ದರೆ ಬಹುಶಃ ಕೂತೇಬಿಡುತ್ತಿದ್ದಳು.

“ನಗಿ ಸಾರ್, ನಗಿ. ನನ್ನ ಕೈ ಮುರಿದಾಗ ಆ ಪಟ್ಟಿ ಮುಚ್ಚಿಸಿ ಅಂತ ಮೂರು ಸಲ ಅರ್ಜಿ ಕೊಟ್ವಿ. ನೀವು ಮುಚ್ಚಿಸಿದ್ರೆ ನಾವ್ಯಾಕೆ ಎತ್ತಿಕೊಂಡು ದಾಟ್ತಿದ್ವಿ? ನೀವು ಮಾಡದ ಕೆಲಸಾನ ನಾವು ಮಾಡಿದ್ವಿ, ಅದಕ್ಕೆ ನಮಗೇ ಶಿಕ್ಷೆ. ಇನ್ನೊಂದು ಸಲ ಎಣಿಸಿ. ಅಷ್ಟು ಧೈರ್ಯ ಇಲ್ವಾ ನಿಮಗೆ?”

ನಗು ನಿಂತಿತು. ಮೂಲೆಯಲ್ಲಿ ಕೂತಿದ್ದ ರಸ್ತೆ ವಿಭಾಗದ ಅಧಿಕಾರಿ, ಅಲ್ಲಿಯವರೆಗೆ ತುಟಿ ಪಿಟಕ್ಕೆನ್ನದ ಹೆಂಗಸು, ತನ್ನ ಕೆಲಸಗಾರನ ಕಡೆ ತಿರುಗಿ, ಕೊಳವೆಯನ್ನು ಎಲ್ಲಿ ಬಡಿದಿದ್ದೆ ಎಂದು ಕೇಳಿದಳು. ಪಟ್ಟಿಯ ಪಕ್ಕದಲ್ಲೇ ಎಂದು ಅವನು ಹೇಳಿದ. ಅಧಿಕಾರಿ ಕಡತ ಮುಚ್ಚಿದಳು.

“ಮತ್ತೆ ಎಣಿಸ್ಬೇಕಾಗುತ್ತೆ ಸಾರ್. ಇಲ್ದಿದ್ರೆ ನಾನು ವರದಿಗೆ ಸಹಿ ಹಾಕಲ್ಲ. ಶುಕ್ರವಾರ ಬೆಳಿಗ್ಗೆ ಆರರಿಂದ ಹತ್ತು, ಅಷ್ಟೇ ಸಮಯ ಇರೋದು.”

ಇನ್ನೂರು ದಾಟಿದರೆ ಪ್ರಸ್ತಾವವೇ ಬಿದ್ದುಹೋಗುತ್ತದೆ, ದಾಟದಿದ್ದರೆ ಮಧ್ಯಾಹ್ನ ಮತ ಎಂದಾಯಿತು. ಮೈದುನ ಎದ್ದು ಒಂದೇ ಒಂದು ಮಾತು ಸೇರಿಸಿದ: ಕೊಳವೆ ಹಳೆಯ ಜಾಗದಲ್ಲೇ ಇರಬೇಕು, ಜಾಗ ಬದಲಾದರೆ ಎರಡು ಲೆಕ್ಕವನ್ನು ಹೋಲಿಸಲಾಗುವುದಿಲ್ಲ. ಎಲ್ಲರೂ ಹೌದೆಂದರು. ಹೊರಗೆ ಬರುವಾಗ ಅಧಿಕಾರಿ ಅವಳಿಗೆ ಮೆಲ್ಲಗೆ ತಿಳಿಸಿದಳು: “ತಳ್ಳಿಕೊಂಡು ಹೋದ್ರೆ ಆಗಲ್ಲಮ್ಮ. ಮೇಲೆ ಕೂತವರ ಭಾರ ಬಿದ್ರೆ ಮಾತ್ರ ಅದು ಎಣಿಸುತ್ತೆ.”

ಅಂದರೆ ಪಟ್ಟಿಯ ಮೇಲೆ ತುಳಿದುಕೊಂಡೇ ಹೋಗಬೇಕು. ಪಟ್ಟಿಗೂ ಕೊಳವೆಗೂ ಎರಡು ಗೇಣು. ಇಳಿದು ಹತ್ತಲು ಜಾಗವಿಲ್ಲ.

ಗುರುವಾರ ಸಂಘಕ್ಕೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಹಾಲಿನವನು ಮನೆಮನೆಗೆ ಹಾಲಿನ ಜೊತೆ ಸುದ್ದಿಯನ್ನೂ ಹಾಕಿದ. ನರ್ಸು ಆಸ್ಪತ್ರೆಯ ಮೂರು ಪಾಳಿಗೂ ಹೇಳಿದಳು. ಪಂಕ್ಚರ್ ಮಾವ ಅಂಗಡಿಗೆ ಬಂದವರ ಟಯರಿಗೆ ಗಾಳಿ ತುಂಬುತ್ತ ಕಿವಿಗೂ ತುಂಬಿದ. ಅವನದೇ ಒಂದು ಉಪಾಯವೂ ಇತ್ತು: ಸಂಘದ ಐವತ್ತು ಜನ ಎಂಟೆಂಟು ಸಲ ಸುತ್ತು ಹಾಕಿಬಿಟ್ಟರೆ ನಾನೂರು.

“ಬೇಡ” ಎಂದು ಅವಳು ಕಡ್ಡಿ ಮುರಿದಂತೆ ಹೇಳಿದಳು. “ಇರೋರನ್ನ ಎಣಿಸಲಿ, ಸಾಕು. ಇಲ್ಲದೋರನ್ನ ಸೇರಿಸೋ ಗತಿ ನಮಗಿನ್ನೂ ಬಂದಿಲ್ಲ.”

ಆಸ್ಪತ್ರೆಯಿಂದ ಬಂದವಳೇ ಅವಳು ಮತ್ತೆ ರಟ್ಟು ಹರಡಿಕೊಂಡು ಕೂತಳು. ಸಂಜೆ ಐದರ ಬಿಸಿಲಲ್ಲಿ ಹಳೆಯ ಅಕ್ಷರಗಳ ಮೇಲೆ ಕಪ್ಪು ಬಳಿದು, ಅದರ ಮೇಲೆ ಹೊಸ ಅಕ್ಷರ ಮೂಡಿಸಿದರು: ಇಳಿಯಬೇಡಿ. ಬಣ್ಣ ಒಣಗಿದ ಮೇಲೆ ಒಬ್ಬೊಬ್ಬರೇ ಅಭ್ಯಾಸ ಮಾಡಿದರು. ನೇರವಾಗಿ ಬಂದು, ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ದಾಟಿದರೆ ಪಟ್ಟಿ ಏನೂ ಮಾಡುತ್ತಿರಲಿಲ್ಲ. ಹಾಲಿನವನು ದಾಟಿದ, ಮೇಷ್ಟ್ರು ದಾಟಿದರು. ಅವಳು ಬಂದಳು, ಇಳಿದಳು. ಮತ್ತೆ ಬಂದಳು, ಮತ್ತೆ ಇಳಿದಳು. ಐದು ಸಲವೂ ಪಟ್ಟಿ ಹತ್ತಿರವಾದ ಕೂಡಲೇ ಅವಳ ಬೆರಳುಗಳು ಅವಳ ಅಪ್ಪಣೆಗೆ ಕಾಯದೆ ಬ್ರೇಕ್ ಹಿಡಿದವು. ಹಳೆಯ ಮಣಿಕಟ್ಟು ಚುಳ್ಳೆಂದಿತು. ಅವಳಿಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟು ಬಂತು.

ಪಂಕ್ಚರ್ ಮಾವ ಹತ್ತಿರ ಬಂದು ದನಿ ತಗ್ಗಿಸಿದ. “ನಾಳೆ ಒಂದು ದಿನ ಹಿಂದೆ ಬಾರಕ್ಕ. ಯಾರೂ ಏನೂ ಅನ್ಕೊಳ್ಳಲ್ಲ.”

“ನೀನು ಇಳಿದ್ರೆ ಎಲ್ಲರೂ ಇಳೀತಾರೆ, ಅಷ್ಟೇ ಭಯ ನಮಗೆ” ಎಂದಳು ನರ್ಸು. “ಮೂರು ವರ್ಷದ ಅಭ್ಯಾಸ. ಮುಂದಿನೋರ ಕಾಲು ನೆಲಕ್ಕೆ ತಾಗಿದ್ರೆ ಹಿಂದಿನೋರ ಕಾಲು ತಾನಾಗೇ ಕೆಳಗೆ ಬರುತ್ತೆ.”

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಅವಳಿಗೆ ಅಷ್ಟು ಉರಿಯಿತು.

“ಕಟ್ಟಳೆ ಮಾಡಿದೋನು ನೀನು” ಎಂದು ಮಾವನ ಮುಖಕ್ಕೇ ಹೇಳಿದಳು. “ನಾಳೆ ನಾನು ಹಿಂದೆ ಹೋದ್ರೆ, ನಿಧಾನದೋರು ಬೇಡ ಅಂತ ನಾವೇ ಒಪ್ಪಿಕೊಂಡ ಹಾಗೆ. ಅವರು ಹೇಳ್ತಿರೋದೂ ಅದನ್ನೇ ಅಲ್ವಾ? ಲಾರಿ ಓಡ್ಲಿ, ಕಾರು ಓಡ್ಲಿ, ಮುದುಕಿ ಮನೇಲಿ ಕೂತು ಪರದೆ ಹೊಲೀಲಿ ಅಂತ? ನಾನು ಮುಂದೇನೇ ಇರ್ತೀನಿ.”

ಮಾತೇನೋ ಆಡಿದಳು. ಮನೆಗೆ ಹೋಗುವ ದಾರಿಯಲ್ಲಿ ಚರಂಡಿಯ ಮೇಲಿನ ಸಣ್ಣ ಕಬ್ಬಿಣದ ಮುಚ್ಚಳ ಕಂಡರೂ ಇಳಿದು ತಳ್ಳಿಕೊಂಡು ಹೋದಳು.

ಶುಕ್ರವಾರ ಬೆಳಿಗ್ಗೆ ಆರೂಕಾಲಿಗೆ ಸೇತುವೆಯ ಈಚೆ ತುದಿಯಲ್ಲಿ ಎಷ್ಟು ಸೈಕಲ್ ಸೇರಿದ್ದವೆಂದರೆ ಅವಳಿಗೆ ಕೊನೆ ಕಾಣಲಿಲ್ಲ. ಹಾಲಿನ ಕ್ಯಾನು ಕಟ್ಟಿದವು, ಉಪಕರಣದ ಚೀಲ ನೇತುಹಾಕಿದವು, ಹಿಂದೆ ಮಗು ಕೂರಿಸಿಕೊಂಡವು, ಮಡ್‌ಗಾರ್ಡೇ ಇಲ್ಲದವು. ಯಾರೂ ಮೆರವಣಿಗೆಗೆ ಬಂದಿರಲಿಲ್ಲ, ಎಲ್ಲರೂ ಅವರವರ ಕೆಲಸಕ್ಕೆ ಹೊರಟವರೇ. ಜನರ ನಡುವೆ ಆ ಮಾತು ಕೇಳದ ಪೋಕರಿಗಳೂ ಇದ್ದರು, ಹಿಂದಿನಿಂದ “ಬೇಗ ಹೊರಡಕ್ಕಾ, ಹೊತ್ತಾಯ್ತು” ಎಂದು ಕೂಗುತ್ತಿದ್ದರು. ಆದರೆ ಯಾರೂ ಮುಂದೆ ನುಗ್ಗಲಿಲ್ಲ. ಸೇತುವೆಯ ನಡುವೆ ಅಧಿಕಾರಿ ಡಬ್ಬಿಯ ಪಕ್ಕ ನಿಂತಿದ್ದಳು. ಅವಳಿಂದ ಹತ್ತು ಹೆಜ್ಜೆ ದೂರದಲ್ಲಿ ಕಂಬಿಗೆ ಒರಗಿ ಮೈದುನ.

ಇಂಜಿನ್ ಅಕ್ಕ ಹೊರಟಳು. ಹಿಂದೆ ನೂರಾರು ಚಕ್ರಗಳ ಸರ್ರ್ ಎನ್ನುವ ಸದ್ದು. ಸೇತುವೆಯ ಏರು ಮುಗಿದು ನಡುಭಾಗ ಬಂತು. ಹಳದಿ ಅಕ್ಷರ ಕಾಣಿಸಿದವು, ಅದರಾಚೆ ಇಬ್ಬನಿಗೆ ಹೊಳೆಯುವ ಪಟ್ಟಿ, ಅದರಾಚೆ ಕಪ್ಪು ಕೊಳವೆ. ಬೆರಳುಗಳು ಆಗಲೇ ಬ್ರೇಕಿನ ಮೇಲೆ ಹೋಗಿ ಕೂತಿದ್ದವು. ಹಿಂದಿನ ಸದ್ದು ತಗ್ಗಿದ್ದು ಅವಳಿಗೆ ಕೇಳಿಸಿತು. ಅವಳ ಕಾಲು ನೋಡುತ್ತ ಎಲ್ಲರೂ ನಿಧಾನಿಸುತ್ತಿದ್ದರು.

“ಅತ್ತಿಗೆ!” ಎಂದು ಮೈದುನ ಕೂಗಿದ. ಕಂಬಿ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಿದ್ದ. “ಬೀಳ್ತೀರಾ ಅತ್ತಿಗೆ, ಒದ್ದೆ ಇದೆ! ಇಳೀರಿ!”

ಅವನ ದನಿಯಲ್ಲಿ ನಿಜವಾದ ಗಾಬರಿಯಿತ್ತು. ಅದು ಅವಳಿಗೆ ಗೊತ್ತಾಯಿತು. ಒಂಬತ್ತು ವರ್ಷ ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸಿದ್ದೂ ಇದೇ ದನಿ. ಬಟ್ಟೆ ಕೋಣೆಗೆ ಹೊಸದಾಗಿ ಬಂದ ಹುಡುಗಿಯರು ದಪ್ಪ ಹೊಲಿಗೆ ಎದುರಾದ ಕೂಡಲೇ ಹೆದರಿ ಮಷೀನಿನ ಪೆಡಲಿನಿಂದ ಕಾಲು ತೆಗೆದು ಸೂಜಿ ಮುರಿದುಕೊಂಡಾಗ ಅವಳು ದಿನಾ ಬೈಯುತ್ತಿದ್ದಳು, ದಪ್ಪ ಬಂದಾಗ ಕಾಲು ತೆಗೀಬೇಡ್ವೇ, ತುಳೀತಾ ಇರು ಎಂದು. ಆ ಬೈಗುಳವನ್ನು ಈಗ ತನಗೇ ಬೈದುಕೊಂಡಳು. ಬ್ರೇಕಿನ ಮೇಲಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಿಡಿಕೆಗೆ ಸುತ್ತಿದಳು.

“ಇಳಿಯಲ್ಲ!” ಎಂದು ಕೂಗಿದಳು. ಇಡೀ ಸೇತುವೆಗೆ ಕೇಳಿಸುವಂತೆ ಕೂಗಿದಳು. “ಇಳಿಯಲ್ಲ ಕಣೋ!”

ಚಕ್ರ ಪಟ್ಟಿ ಹತ್ತಿತು. ಸೈಕಲ್ ಒಮ್ಮೆ ನಡುಗಿತು, ಅವಳ ಹಲ್ಲುಗಳೂ ನಡುಗಿದವು, ಆದರೂ ತುಳಿದಳು. ಟಕ್. ಟಕ್. ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು. ಡಬ್ಬಿಯೊಳಗೆ ಏನೋ ತಿರುಗಿತು. ಅವಳು ಉಸಿರು ಬಿಡುವುದರೊಳಗೆ ಹಿಂದೆ ಮತ್ತೆ ಟಕ್ ಟಕ್, ಮೇಷ್ಟ್ರು. ಮತ್ತೆ ಟಕ್ ಟಕ್, ಹಾಲಿನವನು, ಕ್ಯಾನುಗಳ ಗದ್ದಲದೊಂದಿಗೆ. ಆಮೇಲೆ ಬಿಡಿಬಿಡಿಯಾಗಿ ಕೇಳಿಸುವುದೇ ನಿಂತಿತು. ಸೇತುವೆ ಇಳಿದು ಆಸ್ಪತ್ರೆಯ ತಿರುವು ತಲುಪುವವರೆಗೂ ಆ ಸದ್ದು ಅವಳ ಬೆನ್ನ ಹಿಂದೆ ಎಡೆಬಿಡದೆ ಬರುತ್ತಲೇ ಇತ್ತು. ಅವಳು ಅಳುತ್ತಿದ್ದಳು, ಜೋರಾಗಿ ನಗುತ್ತಲೂ ಇದ್ದಳು. ಬಟ್ಟೆ ಕೋಣೆಗೆ ಹೋದಾಗ ಏಳಾಗಲು ಇನ್ನೂ ಎರಡು ನಿಮಿಷವಿತ್ತು.

ಮಧ್ಯಾಹ್ನ ನರ್ಸು ಏದುಸಿರು ಬಿಡುತ್ತ ಬಾಗಿಲಲ್ಲಿ ಬಂದು ನಿಂತಳು. ನಾಲ್ಕೇ ಗಂಟೆಯಲ್ಲಿ ಮುನ್ನೂರ ಎಂಬತ್ತಾರು. ಅಧಿಕಾರಿ ಅಲ್ಲೇ ನಿಂತು ಸಹಿ ಹಾಕಿದ್ದಳು, ಪ್ರಸ್ತಾವ ಬಿದ್ದುಹೋಗಿತ್ತು. ಹೊಲಿಯುತ್ತಿದ್ದ ಚಾದರದ ಸಾಲು ಮುಗಿಸಿ, ದಾರ ಕತ್ತರಿಸಿ, ಆಮೇಲೆ ಎದ್ದು ಅವಳು ನರ್ಸನ್ನು ತಬ್ಬಿಕೊಂಡಳು.

ಸಂಜೆ ಮನೆಗೆ ಬಂದಾಗ ಮೈದುನ ಮೆಟ್ಟಿಲ ಮೇಲೆ ಕೂತಿದ್ದ. ಅವಳು ಸೈಕಲ್ಲನ್ನು ಗೋಡೆಗೆ ಒರಗಿಸುತ್ತಿದ್ದಂತೆ ಅವನೇ ಮಾತು ತೆಗೆದ.

“ಅತ್ತಿಗೆ, ನಾನು ಬೀಳ್ತೀರಾ ಅಂತ ಕೂಗಿದ್ದು ಎಣಿಕೆ ತಪ್ಪಿಸೋಕಲ್ಲ. ನಿಜವಾಗ್ಲೂ ಹೆದರಿಕೆ ಆಗಿತ್ತು.”

“ಗೊತ್ತು ಕಣೋ” ಎಂದಳು. “ನಾನು ಇಳಿಯಲ್ಲ ಅಂದಿದ್ದೂ ನಿಜವಾಗ್ಲೂನೇ.”

ಅವಳು ಚೀಲದಿಂದ ಮಡಿಚಿದ ಕಾಗದವೊಂದನ್ನು ತೆಗೆದು ಅವನ ಮಡಿಲ ಮೇಲಿಟ್ಟಳು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬರೆದದ್ದು, ಕೆಳಗೆ ಆಗಲೇ ಹದಿನೇಳು ಸಹಿ ಬಿದ್ದಿದ್ದವು.

“ಕಬ್ಬಿಣದ ಪಟ್ಟಿ ಮುಚ್ಚಿಸಿ ಅಂತ ಅರ್ಜಿ. ನಾಲ್ಕನೇದು. ಅಷ್ಟು ಹೆದರಿಕೆ ಇದ್ರೆ ಸಹಿ ಹಾಕು” ಎಂದು ಅವನ ಮುಂದೆ ಪೆನ್ನು ಹಿಡಿದು, ಅವನು ತೆಗೆದುಕೊಳ್ಳುವವರೆಗೂ ಅಲ್ಲೇ ನಿಂತಳು.